ಪಂದ್ಯವಿಲ್ಲದ ರಾತ್ರಿಗಳಿಗೆ ಫೋನೂ ಟೆಲಿಸ್ಕೋಪೂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಕಿ ಋತು ಮುಗಿದಿದೆ, ಮುಂದಿನದಕ್ಕೆ ಇನ್ನೂ ತಿಂಗಳುಗಳಿವೆ. ಮಾತಾಡಲು ಗೋಲುಗಳಿಲ್ಲದಾಗ ಅಭಿಮಾನಿಗಳ ಹರಟೆ ಎಲ್ಲೆಲ್ಲಿಗೋ ಹೊರಳುತ್ತದೆ. ಈ ಸಲ ಹೊಸ ಫೋನಿನಿಂದ ಹೊರಟ ಮಾತು ಮೊದಲ ಟೆಲಿಸ್ಕೋಪಿಗೆ ಬಂದು ನಿಂತಿದೆ ಎಂದು ನಮಗೆ ಬಂದ ಪತ್ರಗಳೇ ಹೇಳುತ್ತಿವೆ. ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಫೋನಿನಲ್ಲಿ 100 ಪಟ್ಟು ಜೂಮ್ ಇದೆ. ಗ್ಯಾಲರಿಯ ಕೊನೇ ಸಾಲಿನಿಂದ ಆಟಗಾರರ ಜೆರ್ಸಿ ಸಂಖ್ಯೆ ಓದಬಹುದು, ಚಂದ್ರನ ಕುಳಿಗಳೂ ಕಾಣುತ್ತವೆ. ಇಷ್ಟಿರುವಾಗ ಟೆಲಿಸ್ಕೋಪ್ ಯಾಕೆ ಎಂಬುದು ನನ್ನ ವಾದ. ಗೆಳೆಯರು ಒಪ್ಪುತ್ತಿಲ್ಲ.

ಉತ್ತರ: ಗೆಳೆಯರೇ ಸರಿ. ದೂರದ ವಸ್ತುವಿನ ವಿವರ ಎಷ್ಟು ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಬೆಳಕು ಒಳಬರುವ ಕಿಂಡಿಯ ಅಗಲ. ಜೂಮಿನ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಫೋನಿನ ಟೆಲಿ ಮಸೂರವೊಂದರ ನಿಜವಾದ ಸಂಗಮದೂರ (ಮಸೂರದಿಂದ ಬೆಳಕು ಕೂಡುವ ಬಿಂದುವಿಗಿರುವ ದೂರ) 18 ಮಿ.ಮೀ., ಎಫ್ ಸಂಖ್ಯೆ 3.4 ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಕಿಂಡಿಯ ಅಗಲ 5.3 ಮಿ.ಮೀ. ಎಂದು ಗೊತ್ತಾಗುತ್ತದೆ. ಪಕ್ಕಪಕ್ಕದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸುವ ಮಿತಿಯನ್ನು ಅಂದಾಜಿಸಲು ಡಾಸ್ ಸೂತ್ರವಿದೆ. 116ನ್ನು ಮಿ.ಮೀ. ಲೆಕ್ಕದ ಅಗಲದಿಂದ ಭಾಗಿಸಿದರೆ ಉತ್ತರ ಆರ್ಕ್‌ಸೆಕೆಂಡುಗಳಲ್ಲಿ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಸಿಗುತ್ತದೆ. ನಿಮ್ಮ ಫೋನಿಗೆ ಅದು ಸುಮಾರು 22. ಗುರುಗ್ರಹ ಹತ್ತಿರವಿದ್ದಾಗಲೂ ಅದರ ಅಗಲ 45 ಆರ್ಕ್‌ಸೆಕೆಂಡಿನ ಆಸುಪಾಸು, ಅಂದರೆ ಫೋನಿಗೆ ಅದು ಎರಡೇ ಎರಡು ಚುಕ್ಕೆ. ಪಟ್ಟೆಗಳು ಕಾಣುವ ಮಾತೇ ಇಲ್ಲ. 130 ಮಿ.ಮೀ. ಕನ್ನಡಿಗೆ ಈ ಮಿತಿ 0.9 ಆರ್ಕ್‌ಸೆಕೆಂಡ್. ಗಾಳಿಯ ಅಲುಗಾಟದಿಂದ ಪೂರ್ತಿ ಅಷ್ಟು ದಕ್ಕುವುದಿಲ್ಲ, ಆದರೂ ವ್ಯತ್ಯಾಸ ಅಗಾಧ. ಬೆಳಕು ಹಿಡಿಯುವುದರಲ್ಲಿ ಆ ಕನ್ನಡಿ ಫೋನಿನ ಕಿಂಡಿಯ 600 ಪಟ್ಟು.

ಹಾಗಾದರೆ ಚಂದ್ರನ ಕುಳಿಗಳು ಹೇಗೆ ಬಂದವು? ಚಂದ್ರನ ಅಗಲ ಸುಮಾರು 1,800 ಆರ್ಕ್‌ಸೆಕೆಂಡ್, ಆದ್ದರಿಂದ ಅಡ್ಡಲಾಗಿ ಎಂಬತ್ತು ಚುಕ್ಕೆಯಷ್ಟು ವಿವರ ನಿಜವಾಗಿಯೂ ಸಿಗುತ್ತದೆ. ಕಪ್ಪು ಬಯಲುಗಳಿಗೆ ಅಷ್ಟು ಸಾಕು. ಆದರೆ 85 ಕಿ.ಮೀ. ಅಗಲದ ಟೈಕೋ ಕುಳಿ ಅದರಲ್ಲಿ ಎರಡೇ ಚುಕ್ಕೆ. ಚಿತ್ರದಲ್ಲಿ ಅದಕ್ಕಿಂತ ಸಣ್ಣ ಕುಳಿಗಳೂ ಚೂಪಾಗಿ ಕಂಡರೆ ಅದು ತಂತ್ರಾಂಶದ ಕೈವಾಡ. 2023ರ ಮಾರ್ಚ್‌ನಲ್ಲಿ ಈ ವಿಷಯ ದೊಡ್ಡ ಚರ್ಚೆಯಾದಾಗ ಸ್ಯಾಮ್‌ಸಂಗ್ ತಾನೇ ವಿವರಣೆ ಕೊಟ್ಟಿತು: 25 ಪಟ್ಟು ಮತ್ತು ಅದಕ್ಕೂ ಮೇಲಿನ ಜೂಮಿನಲ್ಲಿ ಚೌಕಟ್ಟಿನಲ್ಲಿರುವುದು ಚಂದ್ರನೆಂದು ಕೃತಕ ಬುದ್ಧಿಮತ್ತೆ ಗುರುತಿಸಿ, ವಿವರಗಳನ್ನು ಹಿಗ್ಗಿಸುತ್ತದೆ. ನಿಮ್ಮ ಫೋನಿನಲ್ಲೂ ಇಂಥದ್ದೇನಾದರೂ ಇದೆಯೇ ಎಂದು ನೋಡಬೇಕಾದರೆ ದೃಶ್ಯ ಸುಧಾರಣೆಯ ಆಯ್ಕೆಯನ್ನು ಆಫ್ ಮಾಡಿ, ಎಲ್ಲವನ್ನೂ ಕೈಯಿಂದ ಹೊಂದಿಸುವ ಪ್ರೊ ಮೋಡಿನಲ್ಲಿ ಅದೇ ಚಂದ್ರನನ್ನು ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಗುಂಪಿಗೆ ಹಾಕಿದರೆ ವಾದ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಮೊದಲ ಟೆಲಿಸ್ಕೋಪ್ ಕೊಳ್ಳಬೇಕು. ಒಂದು ಪೆಟ್ಟಿಗೆಯ ಮೇಲೆ 60 ಮಿ.ಮೀ., 525 ಪಟ್ಟು ಎಂದಿದೆ. ಇನ್ನೊಂದು 114 ಮಿ.ಮೀ., ಸಂಗಮದೂರ 1000 ಮಿ.ಮೀ. ಮೂರನೆಯದು ಮೇಜಿನ ಮೇಲಿಡುವ 130 ಮಿ.ಮೀ., ಅದಕ್ಕೆ ಟ್ರೈಪಾಡೂ ಇಲ್ಲ. ಯಾವುದು?

ಉತ್ತರ: ಮೂರನೆಯದು. ಮೊದಲೆರಡು ಯಾಕೆ ಬೇಡ ಎಂಬುದನ್ನು ಬಿಡಿಸಿ ಹೇಳುತ್ತೇವೆ, ಇದೇ ಬಗೆಯವು ಬೇರೆ ಹೆಸರಿನಲ್ಲೂ ಎದುರಾಗುತ್ತವೆ.

ವರ್ಧನೆ ಎಂದರೆ ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ (ಕಣ್ಣಿಡುವ ಬದಿಯ ಮಸೂರ) ಸಂಗಮದೂರದಿಂದ ಭಾಗಿಸಿದ್ದು. 700 ಮಿ.ಮೀ. ಕೊಳವೆಗೆ 4 ಮಿ.ಮೀ. ಐಪೀಸ್ ಹಾಕಿದರೆ 175, ಅದಕ್ಕೊಂದು 3 ಪಟ್ಟಿನ ಬಾರ್ಲೋ (ವರ್ಧನೆ ಏರಿಸುವ ಹೆಚ್ಚುವರಿ ಮಸೂರ) ಸೇರಿಸಿದರೆ 525. ಪೆಟ್ಟಿಗೆಯ ಮೇಲಿನ ಸಂಖ್ಯೆ ಬಂದದ್ದು ಹೀಗೆ. ಲೆಕ್ಕ ತಪ್ಪಲ್ಲ, ಆದರೆ ಉಪಯೋಗವೂ ಇಲ್ಲ. ಒಂದು ಮಿ.ಮೀ. ವ್ಯಾಸಕ್ಕೆ 2 ಪಟ್ಟು ಎಂಬುದು ರೂಢಿಯ ಗರಿಷ್ಠ ಮಿತಿ, ಹಾಗಾಗಿ 60 ಮಿ.ಮೀ.ಗೆ 120. ಅದನ್ನು ದಾಟಿದರೆ ಬಿಂಬ ಹಿಗ್ಗುತ್ತದೆ, ಮಸುಕಾಗುತ್ತದೆ, ಕಪ್ಪಾಗುತ್ತದೆ. ಮೇಲಾಗಿ ಇಂಥ ಸೆಟ್ಟುಗಳ ಟ್ರೈಪಾಡು ಬಡಕಲು. ಫೋಕಸ್ ಹೊಂದಿಸಲು ತಿರುಗಿಸುವ ಗುಬ್ಬಿ ಮುಟ್ಟಿದರೆ ಸಾಕು, ಚಂದ್ರ ಕುಣಿಯುತ್ತಾನೆ. ಕೊಳವೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ ನೋಡಿ: ಎರಡು ಮೂರು ಸೆಕೆಂಡಿನೊಳಗೆ ಬಿಂಬ ನಿಶ್ಚಲವಾಗದಿದ್ದರೆ ಆ ಸ್ಟ್ಯಾಂಡ್ ಬೇಡ.

ಎರಡನೆಯದರಲ್ಲಿ ಮೋಸ ಸ್ವಲ್ಪ ಸೂಕ್ಷ್ಮ. ಕನ್ನಡಿಯಿಂದ ಬೆಳಕು ಕೂಡಿಸುವ ಸರಳ ನ್ಯೂಟನ್ ಮಾದರಿಯಲ್ಲಿ ಕೊಳವೆಯ ಉದ್ದ ಹೆಚ್ಚುಕಡಿಮೆ ಸಂಗಮದೂರದಷ್ಟೇ ಇರಬೇಕು. ಸಂಗಮದೂರ 1000 ಮಿ.ಮೀ. ಎಂದು ಬರೆದು ಕೊಳವೆ ಅರ್ಧ ಮೀಟರ್ ಇದ್ದರೆ ಐಪೀಸ್ ಕೂರುವ ಫೋಕಸರ್ ಒಳಗೆ ಒಂದು ಮಸೂರವನ್ನು ಅಡಗಿಸಿಟ್ಟು ದೂರವನ್ನು ಹಿಗ್ಗಿಸಿದ್ದಾರೆ ಎಂದರ್ಥ. ಇದನ್ನು ಬರ್ಡ್-ಜೋನ್ಸ್ ಮಾದರಿ ಎನ್ನುತ್ತಾರೆ. ತತ್ವದಲ್ಲಿ ತಪ್ಪಿಲ್ಲ, ಆದರೆ ಅಗ್ಗದಲ್ಲಿ ಮಾಡಿದಾಗ ಆ ಮಸೂರ ನೆಟ್ಟಗೆ ಕೂರುವುದಿಲ್ಲ. ಕನ್ನಡಿಗಳನ್ನು ಹೊಂದಿಸಲು ಬಳಸುವ ಲೇಸರ್ ಕೂಡ ಅದರ ಮೂಲಕ ಹಾಯ್ದು ಚದುರಿಹೋಗುತ್ತದೆ. ಹೊಸಬರು ತಿಂಗಳುಗಟ್ಟಲೆ ತಿರುಪು ತಿರುಗಿಸಿ ಬೇಸತ್ತು ಬಿಡುತ್ತಾರೆ.

130 ಮಿ.ಮೀ., 650 ಮಿ.ಮೀ. ಸಂಗಮದೂರದ ಮೇಜಿನ ಡಾಬ್ಸೋನಿಯನ್‌ನಲ್ಲಿ (ಕೈಯಿಂದ ತಿರುಗಿಸುವ ಸರಳ ತಳದ ಮೇಲೆ ಕೂತ ನ್ಯೂಟನ್ ಟೆಲಿಸ್ಕೋಪ್) ಹಣವೆಲ್ಲ ಕನ್ನಡಿಗೆ ಹೋಗಿರುತ್ತದೆ, ತಳಕ್ಕೆ ಮರದ ಹಲಗೆ ಅಷ್ಟೆ. 25 ಮತ್ತು 10 ಮಿ.ಮೀ. ಐಪೀಸುಗಳಿಂದ 26 ಹಾಗೂ 65 ಪಟ್ಟು ಸಿಗುತ್ತದೆ. ಶನಿಯ ಉಂಗುರ, ಗುರುವಿನ ಎರಡು ಮುಖ್ಯ ಪಟ್ಟೆ, ಚಂದ್ರನ ನೂರಾರು ಕುಳಿ ಕಾಣಲು 65 ಸಾಕು. ಶನಿಯ ವಿಷಯದಲ್ಲಿ ಒಂದು ಎಚ್ಚರಿಕೆ: 2025ರ ಮಾರ್ಚ್‌ನಲ್ಲಿ ಉಂಗುರಗಳು ನಮಗೆ ಅಂಚನ್ನಷ್ಟೇ ತೋರಿಸಿದ್ದವು, ಈಗ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ತೆರೆದುಕೊಳ್ಳುತ್ತಿವೆ. ಹಳೆಯ ಚಿತ್ರಗಳ ಅಗಲವಾದ ಉಂಗುರ ಸದ್ಯಕ್ಕೆ ಕಾಣದಿದ್ದರೆ ದೋಷ ಟೆಲಿಸ್ಕೋಪಿನದಲ್ಲ. ಕೊಳ್ಳುವಾಗ ಕನ್ನಡಿ ಪ್ಯಾರಾಬೋಲಿಕ್ ಹೌದೇ ಎಂದು ಕೇಳಿ, ಎಫ್/5ರಲ್ಲಿ ಗೋಳಾಕಾರದ ಕನ್ನಡಿ ಬಿಂಬವನ್ನು ಮೃದುವಾಗಿಸುತ್ತದೆ. ಇಡಲು ಮೂರು ಕಾಲಿನ ಗಟ್ಟಿ ಸ್ಟೂಲ್ ಬೇಕು. ಮೂರು ಕಾಲು ಯಾವ ನೆಲದಲ್ಲೂ ಓಲಾಡುವುದಿಲ್ಲ. ಜಾಗವೂ ಹೊರುವ ಶಕ್ತಿಯೂ ಇದ್ದರೆ 150 ಮಿ.ಮೀ., ಎಫ್/8ರ ನೆಲದ ಡಾಬ್ಸೋನಿಯನ್ ಇನ್ನೂ ಒಳ್ಳೆಯದು. ಭೂಮಿಯ ಅಕ್ಷಕ್ಕೆ ಹೊಂದಿಸಿ ಬಳಸುವ ಈಕ್ವಟೋರಿಯಲ್ ಸ್ಟ್ಯಾಂಡ್ ಮಾತ್ರ ಮೊದಲ ಸಲಕ್ಕೆ ಬೇಡ.

ಪ್ರಶ್ನೆ: ಕೊಂಡಾಯಿತು. ಒಂದೋ ಪೂರ್ತಿ ಕತ್ತಲೆ, ಇಲ್ಲವೇ ನಡುವೆ ಕಪ್ಪು ತೂತಿರುವ ಬೂದು ಬಣ್ಣದ ಬಿಲ್ಲೆ. ಕನ್ನಡಿ ಒಡೆದಿದೆಯೇ?

ಉತ್ತರ: ಇಲ್ಲ. ಆ ಬಿಲ್ಲೆ ಫೋಕಸ್ ಆಗದ ನಕ್ಷತ್ರ, ನಡುವಿನ ಕಪ್ಪು ಚಿಕ್ಕ ಕನ್ನಡಿಯ ನೆರಳು. ಬಿಲ್ಲೆ ಕಿರಿದಾಗುವ ದಿಕ್ಕಿಗೆ ಗುಬ್ಬಿ ತಿರುಗಿಸುತ್ತಾ ಹೋಗಿ, ಚುಕ್ಕೆಯಾದಾಗ ನಿಲ್ಲಿಸಿ.

ಕತ್ತಲೆಗೆ ಕಾರಣ ಸಾಮಾನ್ಯವಾಗಿ ಫೈಂಡರ್, ಅಂದರೆ ಕೊಳವೆಯ ಮೇಲಿರುವ ಗುರಿ ಹಿಡಿಯುವ ಸಾಧನ. ಅದನ್ನು ಹಗಲಲ್ಲೇ ಹೊಂದಿಸಬೇಕು. ಸೂರ್ಯನಿಗೆ ಬೆನ್ನು ಹಾಕಿ, 25 ಮಿ.ಮೀ. ಐಪೀಸ್ ಹಾಕಿ, ಅರ್ಧ ಕಿ.ಮೀ.ಗೂ ಆಚೆಯ ಕಂಬದ ತುದಿಯನ್ನು ನಡುಮಧ್ಯಕ್ಕೆ ತನ್ನಿ. ಬಳಿಕ ಕೊಳವೆ ಅಲುಗಾಡದಂತೆ ಫೈಂಡರಿನ ತಿರುಪುಗಳನ್ನಷ್ಟೇ ತಿರುಗಿಸಿ ಕೆಂಪು ಚುಕ್ಕೆಯನ್ನು ಅದೇ ತುದಿಗೆ ಕೂರಿಸಿ. 10 ಮಿ.ಮೀ. ಹಾಕಿ ಇನ್ನೊಮ್ಮೆ ಪರೀಕ್ಷಿಸಿ. ಬಿಂಬ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ನ್ಯೂಟನ್ ಟೆಲಿಸ್ಕೋಪಿನಲ್ಲಿ ಅದು ಹಾಗೆಯೇ.

ಇನ್ನೆರಡು ಸಣ್ಣ ಎಡವಟ್ಟುಗಳಿವೆ. ಮುಂದಿನ ಮುಚ್ಚಳದಲ್ಲಿ ಪುಟ್ಟ ಕಿರುಮುಚ್ಚಳವಿರುತ್ತದೆ. ಅದನ್ನಷ್ಟೇ ತೆಗೆದು ದೊಡ್ಡದನ್ನು ಹಾಗೇ ಬಿಟ್ಟವರು ಬಹಳ ಮಂದಿ, ಆಗ ಬೆಳಕಿನ ಬಹುಪಾಲು ಹೊರಗೇ ಉಳಿಯುತ್ತದೆ. ಮಸೂರದ ಟೆಲಿಸ್ಕೋಪಾದರೆ ಡಯಾಗನಲ್ (ಬೆಳಕನ್ನು ಐಪೀಸಿಗೆ ತಿರುಗಿಸುವ ಓರೆ ಕನ್ನಡಿ) ಬಿಟ್ಟು ಐಪೀಸನ್ನು ನೇರವಾಗಿ ತುರುಕಿದಾಗ ಗುಬ್ಬಿ ಎಷ್ಟು ತಿರುಗಿಸಿದರೂ ಫೋಕಸ್ ಬರದಿರಬಹುದು, ಏಕೆಂದರೆ ಡಯಾಗನಲ್ ಸೇರಿಸಿಯೇ ದೂರವನ್ನು ಲೆಕ್ಕ ಹಾಕಿರುತ್ತಾರೆ. ಬಾರ್ಲೋವನ್ನು ಒಂದು ತಿಂಗಳು ಪೆಟ್ಟಿಗೆಯಲ್ಲೇ ಬಿಡಿ.

ಪ್ರಶ್ನೆ: ಐಪೀಸಿಗೆ ಫೋನ್ ಹಿಡಿದರೆ ಕಪ್ಪು ಪರದೆಯ ಮೂಲೆಯಲ್ಲೊಂದು ಬೆಳಕಿನ ತುಣುಕು ಬಂದು ಜಾರಿಹೋಗುತ್ತದೆ. ಅಡಾಪ್ಟರ್ ಹಾಕಿದರೂ ಚಂದ್ರ ಬರೀ ಬಿಳಿ ತಟ್ಟೆ. ಸರಿಯಾದ ಕ್ರಮ ಹೇಳಿ.

ಉತ್ತರ: ಐಪೀಸಿನಿಂದ ಹೊರಬರುವ ಬೆಳಕು ಅದರ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಸಣ್ಣ ವೃತ್ತವಾಗಿ ಕೂಡಿಕೊಳ್ಳುತ್ತದೆ. 130 ಮಿ.ಮೀ.ಯಲ್ಲಿ 26 ಪಟ್ಟಿಗೆ ಆ ವೃತ್ತದ ಅಗಲ 5 ಮಿ.ಮೀ., 65 ಪಟ್ಟಿಗೆ 2 ಮಿ.ಮೀ. ಫೋನಿನ ಮಸೂರ ಸರಿಯಾಗಿ ಆ ವೃತ್ತದ ಮೇಲೇ ಕೂರಬೇಕು. ಎಡಬಲಕ್ಕೆ ಸರಿದರೂ ಹಿಂದೆಮುಂದೆ ಆದರೂ ಕಪ್ಪು ಆವರಿಸುತ್ತದೆ. ಕೈಯಲ್ಲಿ ಹಿಡಿದಾಗ ಜಾರುವುದು ಇದಕ್ಕೇ.

ಆದ್ದರಿಂದ ಅಡಾಪ್ಟರ್ ಮೂರೂ ದಿಕ್ಕಿಗೆ, ಅಂದರೆ ಅಡ್ಡ, ಉದ್ದ ಮತ್ತು ಆಳಕ್ಕೆ ಸರಿಯುವಂಥದ್ದಾಗಿರಲಿ. 4 ಅಥವಾ 6 ಮಿ.ಮೀ.ಯ ಅಗ್ಗದ ಐಪೀಸುಗಳಲ್ಲಿ ವೃತ್ತ ಗಾಜಿಗೆ ಅಂಟಿಕೊಂಡಂತೆ ಬೀಳುವುದರಿಂದ ಫೋನನ್ನು ಅಷ್ಟು ಹತ್ತಿರ ಒಯ್ಯಲಾಗುವುದಿಲ್ಲ, 20–25 ಮಿ.ಮೀ.ಯದೇ ಹಿತ. ಮೊದಲು ಫೋನಿನ ಕವಚ ಬಿಚ್ಚಿ, ಮಸೂರದ ಬೆರಳಚ್ಚು ಒರೆಸಿ. ಆ ಜಿಡ್ಡೇ ಚಂದ್ರನ ಸುತ್ತ ಮಂಜಿನ ಬಳೆಯಂತೆ ಕಾಣುವುದು. ಇನ್ನು ಅಡಾಪ್ಟರನ್ನೂ ಐಪೀಸನ್ನೂ ಟೆಲಿಸ್ಕೋಪಿನಿಂದ ಹೊರಗೇ, ಕೋಣೆಯ ಬೆಳಕಿನಲ್ಲಿ ಜೋಡಿಸಿ. ಪರದೆಯ ಮೇಲೆ ದುಂಡಗಿನ ಬೆಳಕಿನ ವೃತ್ತ ನಡುವೆ ಬರುವವರೆಗೆ ಸರಿಸಿ, ಆಮೇಲೆ ಆಳ ಹೊಂದಿಸಿ ಅಂಚುಗಳು ಚೂಪಾಗುವಂತೆ ಮಾಡಿ, ತಿರುಪು ಬಿಗಿ ಮಾಡಿ. ಕತ್ತಲಲ್ಲಿ ಅರ್ಧ ಗಂಟೆ ತಿನ್ನುವ ಕೆಲಸ ಇಲ್ಲಿ ಎರಡೇ ನಿಮಿಷದ್ದು. ಟೆಲಿಸ್ಕೋಪಿನಲ್ಲಿ ಚಂದ್ರನನ್ನು ಹಿಡಿದಿಟ್ಟ ಮೇಲೆ ಇಡೀ ಜೋಡಣೆಯನ್ನು ಐಪೀಸ್ ಸಮೇತ ಕೂರಿಸಿ. ಫೋನೂ ಅಡಾಪ್ಟರೂ ಸೇರಿ ಕಾಲು ಕಿಲೋ ಮೀರುವುದರಿಂದ ಕೊಳವೆಯ ಮುಂದಿನ ತುದಿ ಕುಸಿಯುತ್ತದೆ. ಕೊಳವೆಯನ್ನು ಹಿಡಿಪಟ್ಟಿಯಲ್ಲಿ ಹಿಂದಕ್ಕೆ ಸರಿಸಿ, ಇಲ್ಲವೇ ಬದಿಯ ಬಿಗಿತಿರುಪನ್ನು ಒಂದಿಷ್ಟು ಬಿಗಿ ಮಾಡಿ.

ಬಳಸುವುದು 1 ಪಟ್ಟಿನ ಮುಖ್ಯ ಕ್ಯಾಮೆರಾವನ್ನೇ. ಹೊಸ ಫೋನುಗಳಲ್ಲಿ ದೊಡ್ಡ ತಲೆನೋವೆಂದರೆ ಅವು ಹೇಳದೆ ಕೇಳದೆ ಮಸೂರ ಬದಲಿಸುವುದು. ಹತ್ತಿರದಲ್ಲೇನೋ ಇದೆ ಎಂದುಕೊಂಡು ಮ್ಯಾಕ್ರೋಗೆ ಹಾರಿದರೆ ಪರದೆ ಒಮ್ಮೆಲೇ ಕಪ್ಪಾಗುತ್ತದೆ. ಸ್ವಯಂಚಾಲಿತ ಮ್ಯಾಕ್ರೋ ಆಫ್ ಮಾಡಿ. ಯಾವ ಮಸೂರ ಕೆಲಸ ಮಾಡುತ್ತಿದೆ ಎಂಬ ಅನುಮಾನ ಬಂದರೆ ಒಂದೊಂದನ್ನೇ ಬೆರಳಿಂದ ಮುಚ್ಚಿ ನೋಡಿ.

ಬಿಳಿ ತಟ್ಟೆಯ ಕಥೆ ಇಷ್ಟೇ: ಚೌಕಟ್ಟಿನ ಬಹುಭಾಗ ಕಪ್ಪಾಗಿರುವುದರಿಂದ ಫೋನು ಕತ್ತಲೆಯೆಂದು ತಿಳಿದು ಬೆಳಕು ಏರಿಸುತ್ತದೆ. ಪ್ರೊ ಮೋಡಿನಲ್ಲಿ ಐಎಸ್‌ಒ (ಬೆಳಕಿಗೆ ಸಂವೇದಕ ಸ್ಪಂದಿಸುವ ಮಟ್ಟ) 50 ಅಥವಾ 100, ಅರ್ಧಚಂದ್ರನಿಗೆ ಶಟರ್ 1/125ರಿಂದ 1/250, ಹುಣ್ಣಿಮೆಯ ಹತ್ತಿರ 1/1000 ಅಥವಾ ಇನ್ನೂ ಚುರುಕು. ಚಂದ್ರನ ಅತಿ ಬೆಳಗುವ ಅಂಚಿನಲ್ಲೂ ವಿವರ ಉಳಿಯುವವರೆಗೆ ಇಳಿಸಿ. ಪ್ರೊ ಮೋಡ್ ಇಲ್ಲದ ಫೋನಿನಲ್ಲಿ ಚಂದ್ರನ ಮೇಲೆ ಬೆರಳೊತ್ತಿ ಹಿಡಿದು ಬೀಗ ಬಿದ್ದ ಮೇಲೆ ಬೆಳಕಿನ ಗುರುತನ್ನು ಕೆಳಗೆಳೆಯಿರಿ. ನೈಟ್ ಮೋಡ್ ಬೇಡವೇ ಬೇಡ. ಗುಂಡಿಯನ್ನು ಬೆರಳಿಂದ ಒತ್ತದೆ 3 ಸೆಕೆಂಡಿನ ಟೈಮರ್ ಅಥವಾ ಬ್ಲೂಟೂತ್ ರಿಮೋಟ್ ಬಳಸಿ. ಅಂದಹಾಗೆ ಹುಣ್ಣಿಮೆ ಕುಳಿಗಳಿಗೆ ಕೆಟ್ಟ ದಿನ. ನೆರಳೇ ಇಲ್ಲದೆ ಎಲ್ಲವೂ ಚಪ್ಪಟೆ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು ಕತ್ತಲೆ ಕೂಡುವ ಗೆರೆಯಗುಂಟ ನೋಡಿ.

ಪ್ರಶ್ನೆ: ಚಂದ್ರ ಬಂದ. ಗುರು ಮಾತ್ರ ಉರಿಯುವ ಬಲ್ಬಿನಂತೆ ಬರುತ್ತಾನೆ.

ಉತ್ತರ: ಗುರುವಿನ ನಾಲ್ಕು ಉಪಗ್ರಹಗಳೂ ಪಟ್ಟೆಗಳೂ ಒಂದೇ ಚಿತ್ರದಲ್ಲಿ ಬರುವುದಿಲ್ಲ, ಎರಡರ ಹೊಳಪಿನ ಅಂತರ ಅಷ್ಟಿದೆ. ಉಪಗ್ರಹ ಬೇಕಾದರೆ ಗುರು ಸುಟ್ಟುಹೋಗಲಿ ಎಂದು ಬಿಡಿ. ಪಟ್ಟೆ ಬೇಕಾದರೆ ಐಎಸ್‌ಒ 100–400, ಶಟರ್ 1/60ರಿಂದ 1/125, ಮತ್ತು ಚಿತ್ರದ ಬದಲು ವಿಡಿಯೊ.

ವಿಡಿಯೊ ಏಕೆಂದರೆ ಗಾಳಿ ಕ್ಷಣಕ್ಷಣಕ್ಕೂ ಬಿಂಬವನ್ನು ಕಲಕುತ್ತಿರುತ್ತದೆ. ಸಾವಿರಾರು ಚೌಕಟ್ಟುಗಳಲ್ಲಿ ಕೆಲವೇ ಕೆಲವು ಸ್ಪಷ್ಟವಾಗಿರುತ್ತವೆ. ಆಯ್ದು ಪೇರಿಸುವ ಕೆಲಸಕ್ಕೆ ಉಚಿತ ತಂತ್ರಾಂಶಗಳಿವೆ: ಪಿಐಪಿಪಿ ಗ್ರಹವನ್ನು ನಡುವಿಗೆ ತಂದು ಸುತ್ತಲಿನ ಕಪ್ಪನ್ನು ಕತ್ತರಿಸುತ್ತದೆ, ಆಟೋಸ್ಟಾಕರ್ಟ್ ಅತ್ಯುತ್ತಮ 20–25 ಪ್ರತಿಶತ ಚೌಕಟ್ಟುಗಳನ್ನು ಒಂದರ ಮೇಲೊಂದು ಕೂರಿಸುತ್ತದೆ, ರೆಜಿಸ್ಟ್ಯಾಕ್ಸ್ ವಿವರ ಎತ್ತಿ ತೋರಿಸುತ್ತದೆ. ಕೊನೆಯದನ್ನು ಅತಿ ಮಾಡಿದರೆ ಗ್ರಹದ ಅಂಚಿಗೆ ಸುಳ್ಳು ಗೆರೆ ಮೂಡುತ್ತದೆ, ಅಲ್ಲಿಗೆ ನಿಲ್ಲಿಸಿ. ಡಾಬ್ಸೋನಿಯನ್ ತಾನಾಗಿ ತಿರುಗುವುದಿಲ್ಲ. 65 ಪಟ್ಟಿನಲ್ಲಿ 50 ಡಿಗ್ರಿಯ ಐಪೀಸನ್ನು ಗ್ರಹ ಮೂರು ನಿಮಿಷದಲ್ಲಿ ದಾಟುತ್ತದೆ. ಗ್ರಹವನ್ನು ಒಂದು ಅಂಚಿಗಿಟ್ಟು ಕೈ ತೆಗೆಯಿರಿ, ತೇಲುತ್ತಾ ಹೋಗಲಿ, 60–90 ಸೆಕೆಂಡ್ ಸಾಕು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ಹಾಕುವುದರಿಂದ ಎರಡು ಮೂರು ನಿಮಿಷ ಮೀರಿದ ವಿಡಿಯೊದಲ್ಲಿ ವಿವರ ಕಲಸಿಹೋಗುತ್ತದೆ.

ಇದೆಲ್ಲ ಮಾಡಿಯೂ ಮಸುಕಾದರೆ ಟೆಲಿಸ್ಕೋಪ್ ಬಿಸಿಯಿರಬಹುದು. ಹೊರಗಿಟ್ಟು 30ರಿಂದ 60 ನಿಮಿಷ ಕನ್ನಡಿ ತಣಿಯಲಿ. ಗ್ರಹ ದಿಗಂತದಿಂದ 30 ಡಿಗ್ರಿ ಮೇಲೇರಿರಲಿ. ಹಗಲಿಡೀ ಕಾದ ತಾರಸಿಯ ಮೇಲಿಂದ ನೋಡುವುದು ದಂಡ.

ಪ್ರಶ್ನೆ: ಫೋನಿನ ಆಕಾಶ ನಕ್ಷೆಯ ಆ್ಯಪ್ ಶನಿಯನ್ನು ತೋರಿಸುವ ಕಡೆ ಶನಿಯೇ ಇಲ್ಲ.

ಉತ್ತರ: ಫೋನಿನ ದಿಕ್ಸೂಚಿಗೆ ಆಯಸ್ಕಾಂತವೇ ಶತ್ರು. ಕವಚದಲ್ಲಿರುವ ಆಯಸ್ಕಾಂತ, ಉಕ್ಕಿನ ಕೊಳವೆ, ಪಕ್ಕದ ವಾಹನ, ಸ್ಪೀಕರ್ ಎಲ್ಲವೂ ಅದನ್ನು ಹತ್ತಿಪ್ಪತ್ತು ಡಿಗ್ರಿ ತಿರುಗಿಸಬಲ್ಲವು. ಕವಚ ಬಿಚ್ಚಿ, ದೂರ ನಿಂತು, ಗಾಳಿಯಲ್ಲಿ 8ರ ಆಕಾರದಲ್ಲಿ ಕೆಲವು ಸಲ ಬೀಸಿ. ಅದಕ್ಕಿಂತ ಭದ್ರವಾದ ದಾರಿಯೆಂದರೆ ದಿಕ್ಸೂಚಿ ನಂಬದೆ, ಗುರುತಿರುವ ಒಂದು ನಕ್ಷತ್ರಕ್ಕೆ ಸ್ಟೆಲೇರಿಯಂನಂಥ ಆ್ಯಪಿನ ನಕ್ಷೆಯನ್ನು ಕೈಯಿಂದ ಎಳೆದು ಹೊಂದಿಸುವುದು. ಕೆಲವು ಟೆಲಿಸ್ಕೋಪುಗಳಲ್ಲಿ ಫೋನು ಕೂರಿಸುವ ತೊಟ್ಟಿಲಿರುತ್ತದೆ, ಸೆಲೆಸ್ಟ್ರಾನ್‌ನ ಸ್ಟಾರ್‌ಸೆನ್ಸ್ ಎಕ್ಸ್‌ಪ್ಲೋರರ್ ಆ ಬಗೆಯದು. ಅವು ದಿಕ್ಸೂಚಿಯನ್ನು ನಂಬುವುದಿಲ್ಲ. ಕ್ಯಾಮೆರಾದಿಂದ ನಕ್ಷತ್ರಗಳ ವಿನ್ಯಾಸ ಓದಿ ಎಲ್ಲಿದ್ದೇವೆಂದು ಲೆಕ್ಕ ಹಾಕುವುದರಿಂದ ನಿಖರತೆಯೇ ಬೇರೆ. ಆದರೆ ಮೋಡ ಮುಸುಕಿದರೆ ಅವೂ ಕುರುಡು.

ಪರದೆಯನ್ನು ಕೆಂಪಿಗೆ ಬದಲಿಸಿ, ಹೊಳಪನ್ನು ತಳಕ್ಕಿಳಿಸಿ. ಕಣ್ಣು ಕತ್ತಲೆಗೆ ಒಗ್ಗಲು 20–30 ನಿಮಿಷ ಬೇಕು, ಒಂದು ಬಿಳಿ ಸಂದೇಶ ಅದನ್ನು ಕ್ಷಣದಲ್ಲಿ ಕಸಿಯುತ್ತದೆ.

ಪ್ರಶ್ನೆ: ಪಂದ್ಯ ನೋಡಲು ಕೊಂಡ 10×50 ಬೈನಾಕ್ಯುಲರ್ ಸುಮ್ಮನೆ ಬಿದ್ದಿದೆ. ಆಕಾಶಕ್ಕೆ ಆದೀತೇ?

ಉತ್ತರ: ಧಾರಾಳವಾಗಿ. ಕೃತ್ತಿಕೆ ಟೆಲಿಸ್ಕೋಪಿಗಿಂತ ಅದರಲ್ಲೇ ಚೆಂದ. ಪುಷ್ಯದ ಜೇನುಗೂಡು ನಕ್ಷತ್ರಗುಚ್ಛ, ಆಂಡ್ರೊಮಿಡಾ ಗೆಲಾಕ್ಸಿಯ ಮಂಜು, ಮೊಣಕೈಗೆ ಆಧಾರ ಸಿಕ್ಕರೆ ಗುರುವಿನ ಉಪಗ್ರಹಗಳೂ ಕಾಣುತ್ತವೆ. ವಸಿಷ್ಠ-ಅರುಂಧತಿ ಬರಿಗಣ್ಣಿಗೇ ಬೇರೆಯಾಗುತ್ತವೆ. ಆದರೆ ವಸಿಷ್ಠನೇ 14 ಆರ್ಕ್‌ಸೆಕೆಂಡ್ ಅಂತರದ ಎರಡು ನಕ್ಷತ್ರವೆಂದು ಸುಲಭವಾಗಿ ತಿಳಿಯಲು ಟೆಲಿಸ್ಕೋಪ್ ಬೇಕು. ಅದು ಹೊಸ ಟೆಲಿಸ್ಕೋಪಿನ ಒಳ್ಳೆಯ ಮೊದಲ ಪರೀಕ್ಷೆ.

ಪ್ರಶ್ನೆ: ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಬಹುದೇ? ಫೋನಿನಲ್ಲಾದರೂ?

ಉತ್ತರ: ಎರಡೂ ಕೂಡದು. ಕೂಡಿಕೊಂಡ ಬೆಳಕು ಆ ಕನ್ನಡಕವನ್ನು ಕ್ಷಣದಲ್ಲಿ ಸುಟ್ಟು ಕಣ್ಣಿಗೆ ತಲುಪುತ್ತದೆ. ಫೋನಿನ ಸಂವೇದಕಕ್ಕೂ ಅದೇ ಗತಿ. ಐಪೀಸಿಗೆ ತಿರುಗಿಸುವ ಸೌರ ಫಿಲ್ಟರ್ ಬಿಸಿಗೆ ಸೀಳುತ್ತದೆ, ಸೆಟ್ಟಿನಲ್ಲಿದ್ದರೆ ಎಸೆಯಿರಿ. ಫಿಲ್ಟರ್ ಇರಬೇಕಾದ್ದು ಕೊಳವೆಯ ಮುಂದೆ. ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ, ಸಾಂದ್ರತೆ 5 ಎಂದು ನಮೂದಿಸಿದ ಹಾಳೆ ಅದಾಗಿರಬೇಕು. ಗಾಳಿಗೆ ಹಾರದಂತೆ ಟೇಪು ಹಚ್ಚಿ, ಫೈಂಡರನ್ನು ಕಳಚಿಡಿ.

ಪ್ರಶ್ನೆ: ಮುಂದಿನ ಋತುವಿನ ಪಂದ್ಯಗಳಿಗೂ ಟೆಲಿಸ್ಕೋಪಿಗೂ ಒಂದೇ ಫೋನ್ ಬೇಕು. ಏನು ನೋಡಲಿ?

ಉತ್ತರ: ಶಟರ್ ವೇಗವನ್ನು ಕೈಯಿಂದ ಹೊಂದಿಸುವ ಸೌಲಭ್ಯ, ಚಿತ್ರಕ್ಕೂ ವಿಡಿಯೊಗೂ. ಗಂಟೆಗೆ 100 ಕಿ.ಮೀ. ವೇಗದ ಚೆಂಡು 1/60 ಸೆಕೆಂಡಿನಲ್ಲಿ 46 ಸೆಂ.ಮೀ. ಸಾಗಿ ಗೀಟಾಗುತ್ತದೆ. 1/1000ರಲ್ಲಿ 3 ಸೆಂ.ಮೀ.ಗೂ ಕಡಿಮೆ, ಅಂದರೆ ಚೆಂಡಿನ ಅರ್ಧ ಅಗಲಕ್ಕಿಂತ ಕಿರಿದು. ಹೊನಲು ಬೆಳಕಿನಲ್ಲಿ ಅಡ್ಡಪಟ್ಟಿ ಮೂಡಿದರೆ ಅದು ದೀಪದ ಮಿಣುಕು. 50 ಹರ್ಟ್ಸ್ ವಿದ್ಯುತ್ತಿರುವಲ್ಲಿ 1/100ಕ್ಕೆ ಇಳಿಸಿದರೆ ಹೋಗುತ್ತದೆ, ಚೆಂಡು ಗೀಟಾಗುವುದನ್ನು ಸಹಿಸಬೇಕು ಅಷ್ಟೆ. ನಿಜವಾದ 3 ಅಥವಾ 5 ಪಟ್ಟಿನ ಟೆಲಿ ಮಸೂರ ಮೈದಾನಕ್ಕೆ ಬೇಕು, ಟೆಲಿಸ್ಕೋಪಿಗೆ ಬೇಡ. ಸೆಕೆಂಡಿಗೆ 60 ಚೌಕಟ್ಟಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 400 ಎಂಬಿ ನುಂಗುವುದರಿಂದ ಸಂಗ್ರಹ ಧಾರಾಳವಿರಲಿ. ಕ್ಯಾಮೆರಾ ಉಬ್ಬು ತೀರ ಅಗಲವಾಗಿ ನಡುವೆ ಕುಳಿತಿದ್ದರೆ ಅಡಾಪ್ಟರಿನ ತೋಳು ಅದಕ್ಕೆ ತಾಗುತ್ತದೆ, ಕೊಳ್ಳುವ ಮುನ್ನ ಅಳೆದು ನೋಡಿ. ಮೆಗಾಪಿಕ್ಸೆಲ್ ಸಂಖ್ಯೆಯನ್ನು ಮರೆತುಬಿಡಿ.

ಪ್ರಶ್ನೆ: ಆಟ ಶುರುವಾದ ಮೇಲೆ ಟೆಲಿಸ್ಕೋಪ್ ಮೂಲೆ ಸೇರುವುದು ಖಂಡಿತ. ಹೇಗಿಡಬೇಕು?

ಉತ್ತರ: ಕೊನೆಯ ರಾತ್ರಿ ಇಬ್ಬನಿ ಕೂತಿದ್ದರೆ ಒರೆಸಬೇಡಿ. ಕೊಳವೆಯನ್ನು ಅಡ್ಡಲಾಗಿಟ್ಟು ಮುಚ್ಚಳ ತೆಗೆದೇ ಬಿಟ್ಟು, ತಾನಾಗಿ ಒಣಗಿದ ಮೇಲೆ ಮುಚ್ಚಿ. ತೇವ ಒಳಗೆ ಸಿಕ್ಕಿಕೊಂಡರೆ ಬೂಷ್ಟು ಹಿಡಿಯುತ್ತದೆ, ಅದು ಗಾಜಿನ ಲೇಪನವನ್ನು ಕೊರೆಯುತ್ತದೆ. ಐಪೀಸುಗಳ ಜೊತೆ ಸಿಲಿಕಾ ಜೆಲ್ ಪೊಟ್ಟಣವಿರಲಿ. ಕನ್ನಡಿಯ ಮೇಲಿನ ಧೂಳನ್ನು ಮುಟ್ಟಬೇಡಿ, ಒರೆಸಿದ ಗೀರಿಗಿಂತ ಧೂಳು ವಾಸಿ. ಕೆಂಪು ಚುಕ್ಕೆಯ ಫೈಂಡರಿನಿಂದ ಸಿಆರ್2032 ಬ್ಯಾಟರಿ ತೆಗೆದಿಡಿ, ಮತ್ತೆ ಹೊರತೆಗೆಯುವ ದಿನ ಹೊಸದೊಂದು ಕೈಯಲ್ಲಿರಲಿ. ಆ ದಿನ ಮೊದಲು ಒಂದು ಹೊಳೆಯುವ ನಕ್ಷತ್ರವನ್ನು ನಡುವಿಗೆ ತಂದು ಫೋಕಸನ್ನು ತುಸುವೇ ಕೆಡಿಸಿ ನೋಡಿ. ಬಿಲ್ಲೆಯೊಳಗಿನ ಕಪ್ಪು ತೂತು ಒಂದು ಬದಿಗೆ ಸರಿದಿದ್ದರೆ ಹಿಂದಿನ ಕನ್ನಡಿಯ ಮೂರು ತಿರುಪುಗಳಲ್ಲಿ ಒಂದನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ಪರೀಕ್ಷಿಸಿ. ಇನ್ನೂ ಕೆಟ್ಟರೆ ಅದೇ ತಿರುಪನ್ನು ಹಿಂದಕ್ಕೆ ತಿರುಗಿಸಿ, ಮುಂದಿನದಕ್ಕೆ ಕೈ ಹಾಕಿ.